ಹುಲಿ ಹುಳಿಯಾಗದಂತೆ: ವಾಹನದ ಸ್ಟೀರಿಯೋಗೆ ವರ್ಧಕ ಜೋಡಿಸುವ ವಿಚಾರ

ಏಲಕ್ಕಿ ಬೆಟ್ಟಗಳಿಗೂ ಮೇಘಮಲೆ-ವರುಸನಾಡು ಬೆಟ್ಟಸಾಲಿಗೂ ನಡುವೆ ಹರಡಿಕೊಂಡಿರುವ ಕಂಬಂ ಕಣಿವೆ ಕನ್ನಡ ವಿದ್ಯಾರ್ಥಿಗಳಿಗೆ ಅಪರಿಚಿತವಾಗಿರಬಾರದ ಪ್ರದೇಶ. ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ, ಬೋಡಿನಾಯಕನೂರು ಸುತ್ತಿನ ಊರುಗಳಲ್ಲಿ ಕಪ್ಪಿಲಿಯರೆಂದು ಹೆಸರಾದ ಒಕ್ಕಲಿಗರು ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನು ಉಳಿಸಿಕೊಂಡು ಬಂದಿದ್ದಾರೆ. ಪೂರ್ವಕ್ಕೆ ಮಧುರೆ, ದಿಂಡಿಗಲ್ ಕಡೆ ಅನುಪ್ಪರೆಂಬ ಇನ್ನೊಂದು ಕನ್ನಡ ಸಮುದಾಯವಿದೆ. ಎಡ್ಗರ್ ಥರ್ಸ್ಟನ್ ೧೯೦೯ರಲ್ಲಿ ಹೊರತಂದ, ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳನ್ನು ಕುರಿತ ಏಳು ಸಂಪುಟಗಳಲ್ಲಿ ಈ ಎರಡೂ ಸಮುದಾಯಗಳು ಕನ್ನಡ ನುಡಿಯುವ ಬೇಸಾಯಗಾರರೆಂದೇ ದಾಖಲಾಗಿವೆ. ಶಾಲೆಯ ಅಕ್ಷರ, ಅಂಗಡಿಯ ಫಲಕ, ಕಚೇರಿಯ ಅರ್ಜಿ ಎಲ್ಲವೂ ತಮಿಳಾಗಿರುವಲ್ಲಿ ಕನ್ನಡಕ್ಕೆ ಉಳಿದಿರುವ ನೆಲೆ ಬಾಯಿ ಮತ್ತು ಕಿವಿ. ಅಲ್ಲಿಯ ಕನ್ನಡ ಬಹುಮಟ್ಟಿಗೆ ಕೇಳಿ ಕಲಿತ ಕನ್ನಡ.

ಕೇಳಿ ಉಳಿಯಬೇಕಾದ ಭಾಷೆಗೆ ಕೇಳಿಸುವ ಉಪಕರಣದ ಗುಣ ಸಣ್ಣ ಸಂಗತಿಯಲ್ಲ. ಈ ಕಣಿವೆಯ ಜನ ದಿನದ ಬಹುಪಾಲು ಹೊತ್ತನ್ನು ಗದ್ದೆ, ದ್ರಾಕ್ಷಿ ತೋಟ, ರಸ್ತೆಗಳಲ್ಲಿ ಕಳೆಯುವವರು. ಬೆಳಗಿನ ಜಾವ ಕಂಬಂ, ಬೋಡಿ ಮೊದಲಾದ ಊರುಗಳಿಂದ ಜೀಪುಗಳು ಕೂಲಿಯಾಳುಗಳನ್ನು ತುಂಬಿಕೊಂಡು ಕುಮುಳಿ, ಕಂಬಂಮೆಟ್ಟು, ಬೋಡಿಮೆಟ್ಟು ಘಟ್ಟಗಳನ್ನೇರಿ ಕೇರಳದ ಇಡುಕ್ಕಿಯ ಏಲಕ್ಕಿ ತೋಟಗಳನ್ನು ಸೇರುತ್ತವೆ. ಸಂಜೆ ಅದೇ ದಾರಿಯಲ್ಲಿ ಇಳಿಯುತ್ತವೆ. ಹಾಡಿಲ್ಲದ ಜೀಪು ಈ ದಾರಿಯಲ್ಲಿ ಅಪರೂಪ. ಇಳಯರಾಜ ಹುಟ್ಟಿದ ಪನ್ನೈಪುರಂ ಇದೇ ಕಣಿವೆಯ ಉತ್ತಮಪಾಳಯದ ಬಳಿಯ ಹಳ್ಳಿ. ಅವರು ಸಂಗೀತ ನೀಡಿದ ‘ಗೀತಾ’ (೧೯೮೧), ‘ಪಲ್ಲವಿ ಅನುಪಲ್ಲವಿ’ (೧೯೮೩) ಚಿತ್ರಗಳ ಹಾಡುಗಳನ್ನು ಕರ್ನಾಟಕ ಇಂದಿಗೂ ಮರೆತಿಲ್ಲ. ಆ ಹಾಡುಗಳಲ್ಲಿ ಬಾಸ್ ಗಿಟಾರಿನ ನಡೆ ಗಾಯಕನ ದನಿಯಷ್ಟೇ ಎಚ್ಚರದಿಂದ ಹೆಣೆದದ್ದು. ಕಾರ್ಖಾನೆಯಿಂದ ವಾಹನದೊಡನೆ ಬರುವ ಸ್ಟೀರಿಯೋ ಹೆಚ್ಚಾಗಿ ಹಾಳುಮಾಡುವುದು ಇವೆರಡನ್ನೇ, ತಳದ ಆ ನಡೆಯನ್ನೂ ಮೇಲಿನ ಮಾತಿನ ಸ್ಪಷ್ಟತೆಯನ್ನೂ. ಆದುದರಿಂದಲೇ ಹೊರಗಿನಿಂದ ಆಂಪ್ಲಿಫೈಯರ್ ತಂದು ಜೋಡಿಸುವ ರೂಢಿ ಬೆಳೆದಿದೆ. ಈ ಕೆಲಸದ ಹಿಂದಿನ ತತ್ತ್ವ, ಜೋಡಣೆಯ ಕ್ರಮ ಮತ್ತು ಅಪಾಯಗಳನ್ನು ತಿಳಿಯುವುದು ಧ್ವನಿವಿಜ್ಞಾನವನ್ನು ಪಠ್ಯವಾಗಿ ಓದುವವರಿಗೆ ಎರಡು ಬಗೆಯಲ್ಲಿ ಪ್ರಯೋಜನಕರ.

ಮೊದಲು ಪದದ ತೊಡಕೊಂದನ್ನು ಬಿಡಿಸಬೇಕು. ಕನ್ನಡದಲ್ಲಿ ‘ಧ್ವನಿವರ್ಧಕ’ವೆಂದರೆ ಜಾತ್ರೆಯ ಕಂಬಕ್ಕೆ ಕಟ್ಟಿದ ಸ್ಪೀಕರೂ ಹೌದು, ಅದಕ್ಕೆ ಬಲ ನೀಡುವ ಯಂತ್ರವೂ ಹೌದು. ಸರಕಾರಿ ಪ್ರಕಟಣೆಗಳೂ ಈ ಭೇದವನ್ನು ಮಾಡುವುದಿಲ್ಲ. ವಸ್ತುತಃ ಆಂಪ್ಲಿಫೈಯರ್ ಹಿಗ್ಗಿಸುವುದು ಧ್ವನಿಯನ್ನಲ್ಲ, ಧ್ವನಿಯ ಪಡಿಯಚ್ಚಾದ ವಿದ್ಯುತ್ ಸಂಕೇತವನ್ನು. ಅದನ್ನು ಗಾಳಿಯ ಕಂಪನವಾಗಿಸುವುದು ಸ್ಪೀಕರು. ಈ ಲೇಖನದಲ್ಲಿ ಮೊದಲನೆಯದಕ್ಕೆ ‘ವರ್ಧಕ’ವೆಂದೂ ಎರಡನೆಯದಕ್ಕೆ ‘ಸ್ಪೀಕರ್’ ಎಂದೂ ಬಳಸಲಾಗಿದೆ.

ಕಾರ್ಖಾನೆಯ ಸ್ಟೀರಿಯೋದೊಳಗೂ ಒಂದು ಪುಟ್ಟ ವರ್ಧಕವಿರುತ್ತದೆ. ಸಾಮಾನ್ಯವಾಗಿ ಅದು ಬೆರಳುದ್ದದ ಒಂದೇ ಚಿಪ್ಪು. ಅದರ ಮಿತಿ ವಾಹನದ ಬ್ಯಾಟರಿಯ ಮಿತಿಯೇ. ಎಂಜಿನ್ ಓಡುವಾಗ ದೊರೆಯುವುದು ಸುಮಾರು ೧೪ ವೋಲ್ಟ್. ಸ್ಪೀಕರಿನ ಎರಡೂ ತಂತಿಗಳನ್ನು ಎದುರುಬದುರಾಗಿ ಏರಿಳಿಸುವ ಉಪಾಯದಿಂದ ಈ ಚಿಪ್ಪು ಸುಮಾರು ೧೩ ವೋಲ್ಟಿನವರೆಗೆ ತುದಿ ಮುಟ್ಟಬಲ್ಲದು. ಇದರ ಪರಿಣಾಮಕ ಮೌಲ್ಯ ೯ ವೋಲ್ಟಿಗಿಂತ ತುಸು ಹೆಚ್ಚು. ಇದನ್ನು ವರ್ಗ ಮಾಡಿ ಸ್ಪೀಕರಿನ ೪ ಓಮ್ ತಡೆಯಿಂದ ಭಾಗಿಸಿದರೆ ಬರುವುದು ಸುಮಾರು ೨೦ ವ್ಯಾಟ್. ಪೆಟ್ಟಿಗೆಯ ಮೇಲೆ ‘೫೦ ವ್ಯಾಟ್ × ೪’ ಎಂದು ಅಚ್ಚಾಗಿದ್ದರೂ ಶುದ್ಧವಾಗಿ ಹೊರಬರುವುದು ಇಷ್ಟೇ. ಆ ೫೦ ಎಂಬುದು ಅಲೆಯ ತಲೆ ಸಂಪೂರ್ಣವಾಗಿ ಚಪ್ಪಟೆಯಾದ ಮೇಲೆ ಸಿಗುವ ಅಂಕಿ. ಅದು ವ್ಯಾಪಾರದ ಗಣಿತವೇ ಹೊರತು ಕಿವಿಯ ಗಣಿತವಲ್ಲ. ಹೊರಗಿನ ವರ್ಧಕವಾದರೋ ತನ್ನೊಳಗೇ ಒಂದು ಪರಿವರ್ತಕವನ್ನಿಟ್ಟುಕೊಂಡು ಬ್ಯಾಟರಿಯ ವೋಲ್ಟೇಜನ್ನು ಮೊದಲು ಎರಡು ಮೂರು ಪಟ್ಟು ಏರಿಸಿಕೊಳ್ಳುತ್ತದೆ. ಆ ಬಳಿಕವೇ ಸಂಕೇತವನ್ನು ಹಿಗ್ಗಿಸುತ್ತದೆ.

ಇಲ್ಲಿ ಸಾಮಾನ್ಯವಾದ ಒಂದು ತಪ್ಪು ನಂಬಿಕೆಯಿದೆ. ವ್ಯಾಟ್ ಎರಡು ಪಟ್ಟಾದರೆ ಸದ್ದೂ ಎರಡು ಪಟ್ಟಾಗುತ್ತದೆಂದು ಕೊಳ್ಳುವವರು ಎಣಿಸುತ್ತಾರೆ. ಕಿವಿ ಹಾಗೆ ಅಳೆಯುವುದಿಲ್ಲ. ಶಕ್ತಿ ಇಮ್ಮಡಿಯಾದಾಗ ಧ್ವನಿಮಟ್ಟ ಏರುವುದು ೩ ಡೆಸಿಬೆಲ್ ಮಾತ್ರ; ಸದ್ದು ಎರಡು ಪಟ್ಟಾದಂತೆ ತೋರಲು ಸುಮಾರು ೧೦ ಡೆಸಿಬೆಲ್, ಎಂದರೆ ಹತ್ತು ಪಟ್ಟು ಶಕ್ತಿ ಬೇಕು. ೨೦ ವ್ಯಾಟಿನ ಜಾಗದಲ್ಲಿ ೮೦ ವ್ಯಾಟ್ ಬಂದರೆ ಸಿಗುವುದು ೬ ಡೆಸಿಬೆಲ್. ಹಾಗಾದರೆ ಹಣ ಸುರಿಯುವುದೇಕೆ? ಸಂಗೀತದಲ್ಲಿ ತಮಟೆಯ ಏಟು, ತಬಲೆಯ ಹೊಡೆತ, ಮಾತಿನಲ್ಲಿ ಸ್ಫೋಟವ್ಯಂಜನಗಳು ಕ್ಷಣಕಾಲ ಸರಾಸರಿ ಮಟ್ಟಕ್ಕಿಂತ ೧೦ ಡೆಸಿಬೆಲ್ಲಿಗೂ ಮೇಲೆ ಜಿಗಿಯುತ್ತವೆ. ಆ ಜಿಗಿತಕ್ಕೆ ತಲೆಯ ಮೇಲೆ ಜಾಗವಿರಬೇಕು. ಚಾವಣಿ ತಗ್ಗಾದ ಮನೆಯಲ್ಲಿ ಎತ್ತರದವನು ತಲೆ ಬಗ್ಗಿಸಿ ನಡೆಯುವಂತೆ, ಶಕ್ತಿ ಸಾಲದ ಚಿಪ್ಪಿನಲ್ಲಿ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಹೀಗೆ ತಲೆ ಕಡಿದ ಅಲೆಯಲ್ಲಿ ಮೂಲದಲ್ಲಿಲ್ಲದ ಮೇಲುಸ್ವರಗಳು ಹುಟ್ಟಿ ಹಾಡು ಒರಟಾಗಿ ಕೇಳುತ್ತದೆ, ಹೆಚ್ಚು ಹೊತ್ತು ನಡೆದರೆ ಕಿರಿಯ ಟ್ವೀಟರುಗಳು ಸುಡುತ್ತವೆ. ಒಳ್ಳೆಯ ವರ್ಧಕದ ಪ್ರಯೋಜನ ಅಬ್ಬರಕ್ಕಿಂತ ಹೆಚ್ಚಾಗಿ ನಿರಾಯಾಸತೆಯಲ್ಲಿದೆ.

ಮಾತಿನ ವಿಷಯಕ್ಕೆ ಬಂದರೆ ಸಂಗತಿ ಇನ್ನೂ ಸೂಕ್ಷ್ಮ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಶಬ್ದದ ಹುಟ್ಟನ್ನು ನಾಭಿಮೂಲದಿಂದೇಳುವ ಗಾಳಿಗೂ ಕಹಳೆಗೂ ಹೋಲಿಸಿ ಹೇಳುತ್ತಾನೆ. ಧ್ವನಿಯ ಮೂಲವೊಂದು, ಅದಕ್ಕೆ ಆಕಾರ ಕೊಡುವ ನಾಳವೊಂದು ಎಂಬ ಈ ಕಲ್ಪನೆ ಇಂದಿನ ಧ್ವನಿವಿಜ್ಞಾನಕ್ಕೂ ದೂರದ್ದಲ್ಲ. ಗಂಟಲಿನ ಮೂಲಕಂಪನ ಗಂಡಸರಲ್ಲಿ ಸೆಕೆಂಡಿಗೆ ನೂರರ ಆಸುಪಾಸು, ಹೆಂಗಸರಲ್ಲಿ ಇನ್ನೂರರ ಆಸುಪಾಸು. ಬಾಯಿ ಎಂಬ ನಾಳ ಅದರ ಮೇಲೆ ಅನುರಣನದ ಶಿಖರಗಳನ್ನು ಮೂಡಿಸುತ್ತದೆ. ಸ್ವರಗಳು ಈ ಶಿಖರಗಳಿಂದ ಗುರುತಾಗುತ್ತವೆ. ಸ್ವರಗಳಲ್ಲಿ ಶಕ್ತಿ ಹೇರಳ, ವ್ಯಂಜನಗಳಲ್ಲಿ ಅಲ್ಪ. ಆದರೆ ಅರ್ಥವನ್ನು ಬೇರ್ಪಡಿಸುವ ಹೊಣೆ ಬಹುಪಾಲು ಬಡ ವ್ಯಂಜನಗಳದ್ದೇ. ‘ಸ’ಕಾರದ ಸೀತ್ಕಾರ ೪೦೦೦ ಹರ್ಟ್ಸಿಗಿಂತ ಮೇಲಿದೆ. ಹಳೆಯ ದೂರವಾಣಿ ೩೪೦೦ ಹರ್ಟ್ಸಿಗೆ ದಾರಿ ಮುಚ್ಚುತ್ತಿದ್ದುದರಿಂದಲೇ ಅದರಲ್ಲಿ ಹೆಸರುಗಳನ್ನು ಬಿಡಿಸಿ ಬಿಡಿಸಿ ಹೇಳಬೇಕಾಗುತ್ತಿತ್ತು.

ಕನ್ನಡದ ಉದಾಹರಣೆಗಳನ್ನೇ ನೋಡಬಹುದು. ‘ಹುಲಿ’ಗೂ ‘ಹುಳಿ’ಗೂ ಇರುವ ವ್ಯತ್ಯಾಸ ನಾಲಗೆಯ ಒಂದು ಮಡಿಕೆ. ನಾಲಗೆ ಹಿಂದಕ್ಕೆ ಮಡಿದಾಗ ಅನುರಣನದ ಮೂರನೆಯ ಶಿಖರ ಕೆಳಗಿಳಿಯುತ್ತದೆ. ಕಿವಿ ‘ಳ’ವನ್ನು ಗುರುತಿಸುವುದಕ್ಕೆ ಇದು ಮುಖ್ಯ ಸುಳಿವು. ಆ ಶಿಖರವಿರುವ ಎಡೆ ೨೦೦೦ದಿಂದ ೩೦೦೦ ಹರ್ಟ್ಸಿನ ಆಸುಪಾಸು. ಮಧ್ಯಮ ದರ್ಜೆಯ ಕಾಗದದ ಸ್ಪೀಕರು, ಅದೂ ಕಾಲ ಬುಡದಲ್ಲಿ ಬಾಗಿಲಿನೊಳಗೆ ಕುಳಿತದ್ದು, ಆ ಎಡೆಯನ್ನು ಕಿವಿಗೆ ನೇರವಾಗಿ ತಲುಪಿಸುವುದು ಕಷ್ಟ. ‘ಕತೆ’ ಮತ್ತು ‘ಕತ್ತೆ’ ಇನ್ನೂ ಸ್ವಾರಸ್ಯಕರ. ಇಲ್ಲಿ ಎರಡು ಪದಗಳನ್ನು ಬೇರ್ಪಡಿಸುವುದು ಸದ್ದಲ್ಲ, ಮೌನ: ದ್ವಿತ್ವದಲ್ಲಿ ನಾಲಗೆ ಹಲ್ಲಿಗೆ ತಾಗಿ ನಿಲ್ಲುವ ಅವಧಿ ಹೆಚ್ಚು. ಬಾಗಿಲ ತಗಡು ಅದುರುತ್ತಿದ್ದರೆ, ಬಾಸಿನ ಮೊರೆತ ಎಳೆದುಕೊಂಡೇ ಇದ್ದರೆ ಆ ಮೌನ ತುಂಬಿಹೋಗುತ್ತದೆ. ಕತೆ ಕತ್ತೆಯಾಗುವುದಕ್ಕೆ ಹೆಚ್ಚೇನೂ ಬೇಕಾಗಿಲ್ಲ. ಜೊತೆಗೆ ಡೀಸೆಲ್ ಎಂಜಿನಿನ ಗುಡುಗು ತಗ್ಗಿನ ಆವರ್ತನದ್ದು; ತಗ್ಗಿನ ಸದ್ದು ಮೇಲಿನ ಸದ್ದನ್ನು ಮರೆಮಾಡುವಷ್ಟು ಸುಲಭವಾಗಿ ಮೇಲಿನದು ತಗ್ಗಿನದನ್ನು ಮರೆಮಾಡದು. ಕಿವಿಯ ರಚನೆಯೇ ಹಾಗಿದೆ. ಘಟ್ಟವೇರುವ ಜೀಪಿನಲ್ಲಿ ವಾಲ್ಯೂಮ್ ತಿರುಗಿಸಿದಷ್ಟೂ ಸ್ವರಗಳು ಬೊಬ್ಬಿರಿಯುತ್ತವೆ, ವ್ಯಂಜನಗಳು ಮುಳುಗಿಯೇ ಇರುತ್ತವೆ.

ಬರಹದ ಆಸರೆಯುಳ್ಳ ಕೇಳುಗ ತಪ್ಪಾಗಿ ಕೇಳಿದ್ದನ್ನು ಓದಿನ ನೆನಪಿನಿಂದ ತಿದ್ದಿಕೊಳ್ಳುತ್ತಾನೆ. ಮಲ್ಲೇಶ್ವರದಲ್ಲಿ ಬೆಳೆದವನಿಗೆ ಹಾಡಿನ ‘ಹುಲಿ’ ಅರ್ಧ ಕೇಳಿದರೂ ಸಾಕು. ಕಂಬಂನ ಮಗುವಿಗೆ ಆ ಪದ ಪುಸ್ತಕದಲ್ಲಿ ಎದುರಾಗುವ ಸಂಭವ ಕಡಿಮೆ. ಕೇಳಿದ ರೂಪವೇ ಅದಕ್ಕೆ ಪದದ ರೂಪ. ಹೀಗಾಗಿ ಸ್ಪಷ್ಟತೆಯ ಪ್ರಶ್ನೆ ಅಲ್ಲಿ ರಸಿಕತೆಯ ಪ್ರಶ್ನೆಯಷ್ಟೇ ಆಗಿ ಉಳಿಯುವುದಿಲ್ಲ.

ಇನ್ನು ಜೋಡಣೆ. ಹೊಸ ವಾಹನಗಳ ಸ್ಟೀರಿಯೋವನ್ನು ಕಿತ್ತೆಸೆಯುವುದು ಸುಲಭವಲ್ಲ. ಹಿಂಬದಿಯ ಕ್ಯಾಮೆರಾ, ಸ್ಟೀರಿಂಗಿನ ಗುಂಡಿಗಳು ಅದರೊಡನೆ ಬೆಸೆದುಕೊಂಡಿರುತ್ತವೆ. ಆದ್ದರಿಂದ ಅದನ್ನು ಹಾಗೆಯೇ ಉಳಿಸಿ, ಅದರ ಸ್ಪೀಕರ್ ತಂತಿಗಳಿಂದಲೇ ಸಂಕೇತವನ್ನು ಪಡೆದು ಹೊರಗಿನ ವರ್ಧಕಕ್ಕೆ ಕೊಡುವುದು ವಿವೇಕದ ಹಾದಿ. ಇಂದಿನ ಅನೇಕ ವರ್ಧಕಗಳಲ್ಲಿ ಸ್ಪೀಕರ್ ಮಟ್ಟದ ಸಂಕೇತವನ್ನು ನೇರವಾಗಿ ಸ್ವೀಕರಿಸುವ ದ್ವಾರವಿರುತ್ತದೆ. ಇಲ್ಲದಿದ್ದಲ್ಲಿ ಸಂಕೇತವನ್ನು ತಗ್ಗಿಸಿಕೊಡುವ ಲೈನ್ ಔಟ್‌ಪುಟ್ ಕನ್ವರ್ಟರ್ ಎಂಬ ಚಿಕ್ಕ ಪೆಟ್ಟಿಗೆಯೊಂದನ್ನು ನಡುವೆ ಇಡಬೇಕು. ಈ ಹಂತದಲ್ಲಿ ಮರೆಯಬಾರದ ಮಾತೊಂದಿದೆ. ಮೇಲೆ ಹೇಳಿದ ಎದುರುಬದುರು ಉಪಾಯದಿಂದಾಗಿ ಕಾರ್ಖಾನೆಯ ಸ್ಟೀರಿಯೋದ ಎರಡೂ ಸ್ಪೀಕರ್ ತಂತಿಗಳು ಬ್ಯಾಟರಿಯ ಸುಮಾರು ಅರ್ಧ ವೋಲ್ಟೇಜಿನಲ್ಲಿರುತ್ತವೆ. ‘ಮೈನಸ್’ ಎಂದು ಬಣ್ಣ ಹಚ್ಚಿದ ತಂತಿಯೂ ಭೂಸಂಪರ್ಕವಲ್ಲ. ಅದನ್ನು ವಾಹನದ ಮೈಗೆ ತಾಗಿಸಿದರೆ ಚಿಪ್ಪು ಸುಟ್ಟುಹೋಗಬಹುದು. ಇದೇ ಅರ್ಧ ವೋಲ್ಟೇಜನ್ನು ಕೆಲವು ವರ್ಧಕಗಳು ಸೂಚನೆಯಾಗಿಯೂ ಬಳಸಿಕೊಳ್ಳುತ್ತವೆ: ಸ್ಟೀರಿಯೋ ಎಚ್ಚರಗೊಂಡೊಡನೆ ತಂತಿಯಲ್ಲಿ ಅದು ಕಾಣಿಸುತ್ತದೆ, ವರ್ಧಕವೂ ಎಚ್ಚರಗೊಳ್ಳುತ್ತದೆ. ಈ ಸೌಲಭ್ಯವಿಲ್ಲದಿದ್ದರೆ ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಹರಿಯುವ ಪ್ರತ್ಯೇಕ ತಂತಿಯೊಂದನ್ನು ಎಳೆಯಬೇಕು; ಇಲ್ಲವಾದರೆ ಬೆಳಿಗ್ಗೆ ಬ್ಯಾಟರಿ ಬರಿದಾಗಿರುತ್ತದೆ. ಮೂಲ ತಂತಿಗಳನ್ನು ಕತ್ತರಿಸದೆ, ಆಯಾ ವಾಹನಕ್ಕೆ ಹೊಂದುವ ಸಿದ್ಧ ಕೊಂಡಿಗಳ ಮೂಲಕ ಸೇರಿಸುವುದು ಮೇಲು. ವಾರಂಟಿಯ ತಕರಾರು ತಪ್ಪುತ್ತದೆ, ಬೇಡವಾದಾಗ ಹಿಂದಿನ ಸ್ಥಿತಿಗೆ ತರಲೂಬಹುದು.

ನಿಜವಾದ ಅಪಾಯವಿರುವುದು ವಿದ್ಯುತ್ ಪೂರೈಕೆಯ ತಂತಿಯಲ್ಲಿ. ನಾಲ್ಕು ದಾರಿಗಳಿಗೆ ತಲಾ ೫೦ ವ್ಯಾಟ್ ಕೊಡುವ ಹಳೆಯ ಬಗೆಯ ವರ್ಧಕ ತನ್ನ ಪೂರ್ಣ ಶಕ್ತಿಯಲ್ಲಿ ಸುಮಾರು ೨೫ ಆಂಪಿಯರ್ ಎಳೆಯುತ್ತದೆ. ‘ಡಿ’ ವರ್ಗದ ಹೊಸ ಬಗೆಯದು ಇದಕ್ಕಿಂತ ಕಡಿಮೆ. ಬ್ಯಾಟರಿಯಿಂದ ಸೀಟಿನ ಅಡಿಯವರೆಗೆ ೫ ಮೀಟರ್ ತಂತಿ ಬೇಕೆಂದುಕೊಳ್ಳೋಣ. ೧ ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಹಾಕಿದರೆ ಅದರ ತಡೆ ೦.೦೮೬ ಓಮ್; ದಾರಿಯಲ್ಲೇ ೨ ವೋಲ್ಟಿಗೂ ಹೆಚ್ಚು ಸೋರಿಹೋಗುತ್ತದೆ, ತಂತಿಯಲ್ಲಿ ೫೪ ವ್ಯಾಟ್ ಶಾಖ ಹುಟ್ಟುತ್ತದೆ. ಬೆಸುಗೆ ಹಾಕುವ ಕಬ್ಬಿಣದಷ್ಟು ಶಾಖ ಕಾಲ ಕೆಳಗಿನ ಕಂಬಳಿಯ ಅಡಿಯಲ್ಲಿ ಹರಡಿದಂತಾಯಿತು. ೮ ಚದರ ಮಿಲಿಮೀಟರ್ ತಂತಿಯಾದರೆ ಸೋರಿಕೆ ಕಾಲು ವೋಲ್ಟಿನಷ್ಟು, ಶಾಖ ೭ ವ್ಯಾಟಿನಷ್ಟು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಅಗ್ಗ. ಆದರೆ ಅದರ ತಡೆ ಅದೇ ದಪ್ಪದ ತಾಮ್ರದ ತಂತಿಯ ಸುಮಾರು ಒಂದೂವರೆ ಪಟ್ಟು.

ಫ್ಯೂಸು ವರ್ಧಕದ ಬಳಿಯಲ್ಲಲ್ಲ, ಬ್ಯಾಟರಿಯಿಂದ ೪೫ ಸೆಂಟಿಮೀಟರಿನೊಳಗೆ ಇರಬೇಕು. ಫ್ಯೂಸು ಕಾಯುವುದು ವರ್ಧಕವನ್ನಲ್ಲ, ತಂತಿಯನ್ನು. ಎಂಜಿನ್ ಕೋಣೆಯ ತಗಡಿನ ಗೋಡೆಯನ್ನು ದಾಟುವಲ್ಲಿ ರಬ್ಬರಿನ ಬಳೆಯಿಲ್ಲದೆ ಎಳೆದ ತಂತಿ, ಘಟ್ಟದ ಕುಲುಕಾಟಕ್ಕೆ ದಿನದಿನವೂ ಉಜ್ಜಿ, ಒಂದು ದಿನ ಹೊದಿಕೆ ಕಳಚಿ ತಗಡನ್ನು ಮುಟ್ಟುತ್ತದೆ. ಆಗ ಬ್ಯಾಟರಿಯ ಸಮಸ್ತ ಶಕ್ತಿಯೂ ಆ ಬಿಂದುವಿನಲ್ಲಿ ಹರಿಯುತ್ತದೆ. ಬ್ಯಾಟರಿಯ ಬಳಿ ಫ್ಯೂಸಿದ್ದರೆ ಅದು ಕರಗಿ ಕತೆ ಮುಗಿಯುತ್ತದೆ, ಇಲ್ಲದಿದ್ದರೆ ಬೆಂಕಿ. ಕಿಕ್ಕಿರಿದು ಕುಳಿತ ಜೀಪಿನಲ್ಲಿ, ಒಂದು ಬದಿಗೆ ಬಂಡೆ ಇನ್ನೊಂದು ಬದಿಗೆ ಪ್ರಪಾತವಿರುವ ರಸ್ತೆಯಲ್ಲಿ ಇದರ ಅರ್ಥವನ್ನು ಊಹಿಸಿಕೊಳ್ಳಬಹುದು. ಫ್ಯೂಸಿಗೂ ಅದರ ಹಿಡಿಕೆಗೂ ತಗಲುವ ವೆಚ್ಚ ಈ ಇಡೀ ಕೆಲಸದ ಅತ್ಯಲ್ಪ ಪಾಲು. ಅದನ್ನೇ ಉಳಿಸಲು ಹೋಗುವವರಿದ್ದಾರೆಂಬುದು ವಿಷಾದಕರ.

ಋಣಧ್ರುವದ ತಂತಿಯೂ ಅಷ್ಟೇ ದಪ್ಪವಿದ್ದು, ಬಣ್ಣ ಕೆರೆದ ಬರಿಯ ಲೋಹಕ್ಕೆ ಬಿಗಿಯಾಗಿ ಕೂಡಿರಬೇಕು. ಈ ಸಂಪರ್ಕ ಸಡಿಲವಾದರೆ, ಅಥವಾ ಸಂಕೇತದ ತಂತಿಯೂ ವಿದ್ಯುತ್ ತಂತಿಯೂ ಒಂದೇ ಬದಿಯಲ್ಲಿ ಜೊತೆಯಾಗಿ ಓಡಿದರೆ, ಸ್ಪೀಕರಿನಲ್ಲಿ ಸಣ್ಣಗೆ ಕೊರಗುವ ದನಿಯೊಂದು ಕೇಳುತ್ತದೆ. ಎಂಜಿನ್ ವೇಗ ಹೆಚ್ಚಿದಂತೆ ಅದರ ಶ್ರುತಿಯೂ ಏರುವುದರಿಂದ ಅದು ಆಲ್ಟರ್ನೇಟರಿನ ದನಿಯೆಂದು ತಿಳಿಯುತ್ತದೆ.

‘ಗೇನ್’ ಎಂದು ಬರೆದ ತಿರುಪನ್ನು ಹೆಚ್ಚಿನವರು ಎರಡನೆಯ ವಾಲ್ಯೂಮ್ ಎಂದು ತಿಳಿದು ಕೊನೆಯವರೆಗೆ ತಿರುಗಿಸುತ್ತಾರೆ. ಅದರ ಕೆಲಸ ಸ್ಟೀರಿಯೋ ಕೊಡುವ ಸಂಕೇತಕ್ಕೂ ವರ್ಧಕ ಬಯಸುವ ಸಂಕೇತಕ್ಕೂ ಹೊಂದಾಣಿಕೆ ಮಾಡುವುದಷ್ಟೇ. ಸ್ಟೀರಿಯೋದ ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು, ಪರಿಚಿತ ಹಾಡೊಂದನ್ನು ನುಡಿಸಿ, ಗೇನನ್ನು ನಿಧಾನವಾಗಿ ಏರಿಸುತ್ತ, ದನಿ ಒಡೆಯತೊಡಗಿದ ಕೂಡಲೇ ಸ್ವಲ್ಪ ಹಿಂದಕ್ಕೆ ತಂದು ನಿಲ್ಲಿಸುವುದು ಬಲ್ಲವರ ಕ್ರಮ. ಬಾಗಿಲಿನ ಚಿಕ್ಕ ಸ್ಪೀಕರುಗಳಿಗೆ ೮೦ ಹರ್ಟ್ಸಿಗಿಂತ ಕೆಳಗಿನದನ್ನು ಕಳಿಸದಂತೆ ಶೋಧಕವನ್ನು ಹೊಂದಿಸಿದರೆ ಅವು ತಮ್ಮಿಂದಾಗದ ಬಾಸಿಗೆ ಏದುಸಿರು ಬಿಡುವುದನ್ನು ನಿಲ್ಲಿಸಿ ಮಾತಿಗೆ ಗಮನ ಕೊಡುತ್ತವೆ. ಕೆಲವು ಕಾರ್ಖಾನೆಯ ಸ್ಟೀರಿಯೋಗಳು ವಾಲ್ಯೂಮ್ ಏರಿದಂತೆ ಸ್ಪೀಕರಿನ ರಕ್ಷಣೆಗಾಗಿ ತಾವಾಗಿಯೇ ಬಾಸನ್ನು ಇಳಿಸುತ್ತವೆ. ವರ್ಧಕ ಹಾಕಿದ ಮೇಲೂ ಆ ಇಳಿತ ಉಳಿದಿರುತ್ತದೆ, ಅದನ್ನು ಸರಿದೂಗಿಸಲು ಸಂಸ್ಕಾರಕವುಳ್ಳ ವರ್ಧಕವೇ ಬೇಕು. ಬಜೆಟ್ ಚಿಕ್ಕದಾದರೆ ಮೊದಲು ಬಾಗಿಲ ತಗಡಿಗೆ ಅದುರು ತಡೆಯುವ ಹಾಳೆ ಅಂಟಿಸಿ, ಸ್ಪೀಕರ್ ಬದಲಿಸಿ, ಆಮೇಲೆ ವರ್ಧಕದ ಯೋಚನೆ ಮಾಡುವುದು ಲೇಸು. ಅದುರುವ ಬಾಗಿಲಿಗೆ ೨೦೦ ವ್ಯಾಟ್ ಕೊಟ್ಟರೆ ಬಾಗಿಲು ಇನ್ನೂ ಜೋರಾಗಿ ಅದುರುತ್ತದೆ, ಅಷ್ಟೇ.

ಕಿವಿಯ ಲೆಕ್ಕವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರು ೮೦ ಡೆಸಿಬೆಲ್ ಮಟ್ಟದ ಸದ್ದನ್ನು ವಾರಕ್ಕೆ ೪೦ ಗಂಟೆಯವರೆಗೆ ಕೇಳಬಹುದು. ಪ್ರತಿ ೩ ಡೆಸಿಬೆಲ್ ಏರಿಕೆಗೂ ಈ ಅವಧಿ ಅರ್ಧವಾಗುತ್ತದೆ. ೮೯ ಡೆಸಿಬೆಲ್ ಮುಟ್ಟಿದರೆ ಉಳಿಯುವುದು ವಾರಕ್ಕೆ ೫ ಗಂಟೆ. ದಿನಕ್ಕೆರಡು ಬಾರಿ ಘಟ್ಟ ಹತ್ತಿಳಿಯುವ ಚಾಲಕ ಈ ಪಾಲನ್ನು ವಾರದ ನಡುವಿನಲ್ಲೇ ಮುಗಿಸಬಹುದು. ಅತಿಸದ್ದಿನಿಂದ ಮೊದಲು ಮಂಕಾಗುವುದು ೪೦೦೦ ಹರ್ಟ್ಸಿನ ಆಸುಪಾಸಿನ ಶ್ರವಣ, ಎಂದರೆ ವ್ಯಂಜನಗಳ ನೆಲೆ. ಸ್ಪಷ್ಟತೆಗಾಗಿ ತಂದ ಯಂತ್ರವೇ ಸ್ಪಷ್ಟತೆಯನ್ನು ಕೇಳುವ ಅಂಗವನ್ನು ಕೆಡಿಸಿದಂತಾಗುತ್ತದೆ. ಘಟ್ಟದ ತಿರುವುಗಳಲ್ಲಂತೂ ಎದುರಿನಿಂದ ಬರುವ ವಾಹನದ ಹಾರನ್ ಮೊದಲು ತಲುಪುವುದು ಕಿವಿಗೆ, ಕಣ್ಣಿಗಲ್ಲ. ಹೊರಗಿನವರ ಪಾಲಿಗೆ ೨೦೦೦ದ ಶಬ್ದಮಾಲಿನ್ಯ ನಿಯಮಗಳಿವೆ: ವಸತಿ ಪ್ರದೇಶದಲ್ಲಿ ಹಗಲಿಗೆ ೫೫, ರಾತ್ರಿ ೧೦ರಿಂದ ಬೆಳಿಗ್ಗೆ ೬ರವರೆಗೆ ೪೫ ಡೆಸಿಬೆಲ್. ನಸುಕಿನಲ್ಲಿ ಕೂಲಿಯಾಳುಗಳಿಗಾಗಿ ಬೀದಿಯಲ್ಲಿ ಕಾದು ನಿಂತ ಜೀಪು ಬಾಗಿಲು ತೆರೆದು ಹಾಡು ಹಾಕಿದರೆ ಈ ಮಿತಿ ಮೀರಲು ಹೊಸ ವರ್ಧಕವೇ ಬೇಕಾಗಿಲ್ಲ, ಹಳೆಯದೂ ಸಾಕು.

ಜೋಡಣೆ ಮುಗಿದ ಮೇಲೆ ಪರೀಕ್ಷಿಸಲು ಬಾಸ್ ತುಂಬಿದ ಹಾಡನ್ನು ಹಾಕುವುದು ಅಂಗಡಿಗಳ ವಾಡಿಕೆ. ನಿಂತ ವಾಹನದಲ್ಲಿ ಅದು ಯಾವಾಗಲೂ ಚೆನ್ನಾಗಿಯೇ ಕೇಳುತ್ತದೆ. ಅದಕ್ಕಿಂತ ಕಠಿಣ ಪರೀಕ್ಷೆ ಬರಿಯ ಮಾತಿನದು. ಮನೆಯ ಹಿರಿಯರೊಬ್ಬರು ಹೇಳಿದ ಕತೆಯನ್ನು ಮೊಬೈಲಿನಲ್ಲಿ ದಾಖಲಿಸಿಕೊಂಡು, ಕಿಟಕಿ ತೆರೆದು, ಗಂಟೆಗೆ ೪೦ ಕಿಲೋಮೀಟರ್ ವೇಗದಲ್ಲಿ ಸಾಗುವಾಗ ನುಡಿಸಬೇಕು. ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಹುಲಿ ಹುಲಿಯಾಗಿಯೂ ಹುಳಿ ಹುಳಿಯಾಗಿಯೂ ಕೇಳಿದರೆ ತಿರುಪುಗಳನ್ನು ಮತ್ತೆ ಮುಟ್ಟಬೇಕಾಗಿಲ್ಲ.